ಕಾಕಾ ಹೇಳಿದ ಖಾಲಿ ಗೋಡೆ

ಕಳೆದ ತಿಂಗಳು ಉದಗೀರದ ಒಂದು ಹೊಸ ಮನೆಗೆ ಡ್ರಿಲ್ ಮಶೀನು ತೆಗೆದುಕೊಂಡು ಹೋಗಿದ್ದೆ. ಹಾಲ್‌ನಲ್ಲಿ ದೊಡ್ಡ ದೊಡ್ಡ ಚಿತ್ರಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಎಲ್ಲಕ್ಕೂ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿತ್ತು. ಒಂದರ ಪ್ಲಾಸ್ಟಿಕ್ ಹರಿದಾಗ ಒಳಗಿನಿಂದ ವಾಸನೆ ಬಂತು. ಹೊಸದಾಗಿ ಕೊಯ್ದ ಸಾಗವಾನಿ, ಅದರ ಮೇಲೆ ಇನ್ನೂ ಪೂರ್ತಿ ಆರದ ವಾರ್ನಿಶ್… ಏಣಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹನ್ನೆರಡು ವರ್ಷಗಳಿಂದ ಆ ವಾಸನೆ ನನ್ನ ಮೂಗಿಗೆ ಬಂದಿರಲಿಲ್ಲ.

ಅದು ಫ್ರೇಮ್ ಕಾಕಾನ ಅಂಗಡಿಯ ವಾಸನೆ.

ಅವರಿಗೆ ಹೆಸರು ಇತ್ತು, ಅಂಗಡಿಯ ಬೋರ್ಡಿನ ಮೇಲೂ ಬರೆದಿತ್ತು. ಆದರೆ ಗಡಿನಾಡಿನ ನಮ್ಮ ಕಾಸಾರಶಿರಸಿಯಲ್ಲಿ ಆ ಹೆಸರಿನಿಂದ ಅವರನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ಬಸ್ ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ, ಎರಡು ಹೊರಸು ಹಿಡಿಯುವಷ್ಟು ಜಾಗ. ಅಷ್ಟರಲ್ಲೇ ಗರಗಸ, ಗಾಜು, ಕಟ್ಟಿಗೆಯ ಪಟ್ಟಿ, ದೇವರು, ಸತ್ತವರು, ಮದುವೆಯ ಜೋಡಿಗಳು ಎಲ್ಲರೂ ಒಬ್ಬರಿಗೊಬ್ಬರು ಒರಗಿಕೊಂಡು ಇರುತ್ತಿದ್ದರು. ಕಾಕಾ ಉದಗೀರ ಕಡೆಯವರು. ಅವರ ಮಾತು ಎಲ್ಲಿ ಕನ್ನಡ ಬಿಟ್ಟು ಎಲ್ಲಿ ಮರಾಠಿ ಹಿಡಿಯುತ್ತದೆ ಎಂದು ಹೇಳಲಿಕ್ಕೆ ಬರುತ್ತಿರಲಿಲ್ಲ. ನಮ್ಮೆಲ್ಲರದ್ದೂ ಹಾಗೇ. ಅದನ್ನು ಯಾರೂ ದೊಡ್ಡ ವಿಷಯ ಎಂದುಕೊಂಡಿರಲಿಲ್ಲ.

ನಾನು ವೈರಿಂಗ್ ಕೆಲಸದವನು. ಊರಲ್ಲಿ ಮಣ್ಣಿನ ಗೋಡೆಗಳು ಇದ್ದಾಗ ಕಾಕಾಗೆ ಒಂದು ಸುತ್ತಿಗೆ ಸಾಕಾಗುತ್ತಿತ್ತು. ಸ್ಲ್ಯಾಬಿನ ಮನೆಗಳು ಬಂದ ಮೇಲೆ ಮೊಳೆಗಳು ಸಿಮೆಂಟಿಗೆ ಬಾಗತೊಡಗಿದವು. ಆಗ ಅವರು ನನ್ನನ್ನೂ ನನ್ನ ಡ್ರಿಲ್ಲನ್ನೂ ಜೊತೆಗೆ ಕರೆದುಕೊಂಡು ಹೋಗುವ ರೂಢಿ ಮಾಡಿದರು. ಅವರು ಕೆಂಪು ಪೆನ್ಸಿಲಿನಿಂದ ಗೋಡೆಯ ಮೇಲೆ ಸಣ್ಣ ಅಧಿಕ ಚಿಹ್ನೆ ಹಾಕುವರು. ನಾನು ಅಲ್ಲಿ ತೂತು ಕೊರೆಯುವೆ. ನಮ್ಮಿಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತು ಬೇಕಾಗುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ‘ಮೇಲೆ’ ಎಂದಾಗಲಿ ‘ಕೆಳಗೆ’ ಎಂದಾಗಲಿ ಅವರು ನನಗೆ ಒಮ್ಮೆಯೂ ಹೇಳಿದ್ದು ನೆನಪಿಲ್ಲ. ಪೆನ್ಸಿಲು ಹೇಳುತ್ತಿತ್ತು.

ಅವರ ಕೆಲಸದ ರೀತಿ ಬೇರೆ. ಚಿತ್ರವನ್ನು ಅಂಗಡಿಯಲ್ಲೇ ಬಿಟ್ಟು ಮೊದಲು ಬರಿಗೈಲಿ ಆ ಮನೆಗೆ ಹೋಗುವರು. ಚಹಾ ಕುಡಿಯುವರು. ಮನೆಯವರು ಎಲ್ಲೆಲ್ಲಿ ಕೂಡುತ್ತಾರೋ ಅಲ್ಲೆಲ್ಲ ತಾವೂ ಕೂತು ನೋಡುವರು. ಕೇಳುವುದು ಒಂದೇ ಮಾತು: “ಯಾರ ನೋಡೂದು? ಎಲ್ಲಿಂದ ನೋಡೂದು?” ಆಮೇಲೆ ಫ್ರೇಮಿನ ಬೆನ್ನಿಗೆ, ಖಾಕಿ ಕಾಗದದ ಮೇಲೆ, ಅದೇ ಕೆಂಪು ಪೆನ್ಸಿಲಿನಿಂದ ಮರಾಠಿಯಲ್ಲಿ ಒಂದು ಶಬ್ದ ಬರೆಯುವರು. ಉಭಾ, ಎಂದರೆ ನಿಂತು ನೋಡುವವರಿಗೆ. ಬಸೂನ್, ಎಂದರೆ ಕೂತು ನೋಡುವವರಿಗೆ. ಝೋಪೂನ್, ಎಂದರೆ ಮಲಗಿ ನೋಡುವವರಿಗೆ. ನಿಲಂಗಾ ರಸ್ತೆಯ ಒಂದು ಹಳ್ಳಿಯಲ್ಲಿ ಹಾಸಿಗೆ ಹಿಡಿದ ಮುದುಕರಿಗಾಗಿ ಅವರ ಎತ್ತಿನ ಜೋಡಿಯ ಫೋಟೋವನ್ನು ಜಂತಿಯ ಹತ್ತಿರ, ಹೊರಸಿನ ಕಡೆಗೆ ಬಾಗಿಸಿ ಕಟ್ಟಿದ್ದೆವು. ನಿಂತು ನೋಡಿದರೆ ಚಿತ್ರ ಬಿದ್ದೇ ಬಿಡುತ್ತದೆ ಅನ್ನಿಸುತ್ತಿತ್ತು. ಹೊರಸಿನ ಮೇಲೆ ಮಲಗಿದರೆ ಎತ್ತುಗಳು ನೇರ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದವು.

ನನ್ನನ್ನು ಹಂಗಿಸುವುದೆಂದರೆ ಅವರಿಗೆ ಖುಷಿ. ನಾನು ಎಲ್ಲರ ಮನೆಯಲ್ಲೂ ಸ್ವಿಚ್ ಬೋರ್ಡನ್ನು ನೆಲದಿಂದ ನಾಲ್ಕೂವರೆ ಫೂಟಿಗೆ ಕೂಡಿಸುತ್ತಿದ್ದೆ.

“ತಮ್ಮಾ, ಕುಳ್ಳನ ಮನಿ ಇರ್ಲಿ, ಉದ್ದನ ಮನಿ ಇರ್ಲಿ, ನಿಂದು ಒಂದೇ ಮಾಪ” ಎನ್ನುವರು. “ಬಟನ್ ಒತ್ತೂ ಸಾಮಾನು, ನಡೀತದ. ನಂದು ನೋಡೂ ಸಾಮಾನು.”

ಉದಗೀರದಲ್ಲಿ ತೊಗರಿ ವ್ಯಾಪಾರ ಮಾಡುವ ಒಬ್ಬ ಸಾವಕಾರರ ಮನೆಯಲ್ಲಿ ನಡೆದದ್ದು ಇನ್ನೂ ನೆನಪಿದೆ. ಸಾವಕಾರರು ತಮ್ಮದೇ ಫೋಟೋವನ್ನು ಬಾಗಿಲಿನಷ್ಟು ಅಗಲ ಮಾಡಿಸಿದ್ದರು. ಅದನ್ನು ಹೆಬ್ಬಾಗಿಲ ಮೇಲೆ, ಅಪ್ಪ ಅಜ್ಜಂದಿರ ಸಾಲಿನಲ್ಲಿ ಹಚ್ಚಬೇಕು ಎಂದರು. ಆ ಸಾಲಿನವರೆಲ್ಲ ಗಂಧದ ಹಾರ ಹಾಕಿಕೊಂಡು ಕೂತಿದ್ದರು. ಕಾಕಾ ಒಮ್ಮೆ ಆ ಸಾಲು ನೋಡಿದರು, ಒಮ್ಮೆ ಸಾವಕಾರರನ್ನು ನೋಡಿದರು.

“ಸಾವಕಾರ್ರ, ಅಷ್ಟು ಮ್ಯಾಲ ಹೋಗಾಕ ನಿಮಗ ಇನ್ನಾ ಟೈಮ್ ಅದ.”

ಸಾವಕಾರರ ಹೆಂಡತಿ ಒಳಗಿನಿಂದಲೇ ನಕ್ಕರು. “ಹೇಳ್ರಿ ಕಾಕಾ, ಚಲೋ ಹೇಳ್ರಿ. ನಾ ಹೇಳಿದ್ರ ಸಿಟ್ಟಿಗೇಳ್ತಾರ.”

“ಹಂಗಾದ್ರ ಎಲ್ಲಿ ಹಚ್ಚೂದೋ ಮಾರಾಯಾ?” ಎಂದರು ಸಾವಕಾರರು.

“ಜೀವಂತ ಇದ್ದವರು ಮನಿಯವರ ಕಣ್ಣಿನ ಸಮಾ ಇರಬೇಕ್ರಿ. ಮ್ಯಾಲ ಇರೂದು ಹೋದವರು.”

ಕೊನೆಗೆ ಆ ಫೋಟೋ ಊಟದ ಕೋಣೆಗೆ ಹೋಯಿತು. ಅಲ್ಲಿ ಸಾವಕಾರರ ಮುಖ ನೋಡಿಕೊಂಡು ಸೊಸೆಯಂದಿರು ಹೇಗೆ ಉಣ್ಣುವುದು ಎಂದು ಮತ್ತೊಂದು ಜಗಳ ಆಯಿತು. ಅದು ಬೇರೆ ಮಾತು.

ನಾನು ಶಾಲೆ ಬಿಟ್ಟವನು ಮೂವತ್ತು ದಾಟಿದ ಮೇಲೆ ಹತ್ತನೇ ಪರೀಕ್ಷೆ ಕಟ್ಟಿ ಪಾಸಾದೆ. ಆ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ಹಚ್ಚುವ ಆಸೆ ಇತ್ತು. ಕಾಕಾ ನನಗೂ ಕೇಳಿದರು, “ಯಾರ ನೋಡೂದು?” “ನಾನೇ ಕಾಕಾ” ಎಂದೆ. ಅವರು ನಗಲಿಲ್ಲ. ತೆಳ್ಳನೆಯ ಫ್ರೇಮ್ ಮಾಡಿ ನನ್ನ ಕಪಾಟಿನ ಬಾಗಿಲಿನ ಒಳಮೈಗೆ ಕೂಡಿಸಿದರು. ದಿನಾ ಮುಂಜಾನೆ ಅಂಗಿ ತೆಗೆಯಲು ಬಾಗಿಲು ತೆರೆದಾಗ ನನಗೊಬ್ಬನಿಗೆ ಕಾಣುತ್ತದೆ. ಇವತ್ತಿಗೂ ಅಲ್ಲೇ ಇದೆ.

ನಾವು ಎರಡು ಕೋಣೆಯ ಸ್ಲ್ಯಾಬಿನ ಮನೆ ಕಟ್ಟಿಸಿದ ವರ್ಷ ಅವ್ವ ತನ್ನ ಟ್ರಂಕಿನಿಂದ ಒಂದು ಬಟ್ಟೆ ತೆಗೆದಳು. ಮದುವೆಗೆ ಮೊದಲು, ದಾಳಿಂಬದ ತವರುಮನೆಯಲ್ಲಿ, ಅವಳೇ ಹಾಕಿದ ಕಸೂತಿ. ಮರಾಠಿಯಲ್ಲಿ ದಾಳಿಂಬ ಎಂದರೆ ದಾಳಿಂಬೆ ಹಣ್ಣು. ಊರಿನ ಹೆಸರು ಹಾಗೆ ಇದ್ದರೂ ಅಲ್ಲಿ ಬೆಳೆಯುವುದು ಜೋಳ, ತೊಗರಿ, ಈಗ ಸೋಯಾಬೀನ್. ಅವ್ವ ಮಾತ್ರ ಊರಿನ ಹೆಸರು ಹಿಡಿದು ಬಟ್ಟೆಯ ಮೇಲೆ ಒಂದು ದಾಳಿಂಬೆ ಗಿಡ ಎಬ್ಬಿಸಿದ್ದಳು. ನಲವತ್ತು ವರ್ಷ ಅದು ಡಾಂಬರ ಗುಳಿಗೆಗಳ ನಡುವೆ ಮಡಚಿಕೊಂಡೇ ಇತ್ತು. ನಮ್ಮ ಹಳೆಯ ಮನೆಯ ಗೋಡೆ ಉದುರುತ್ತಿತ್ತು, ಅದಕ್ಕೆ ಹಚ್ಚಿದರೆ ಮಣ್ಣಾಗುತ್ತದೆ ಎಂದು ಕಾಯ್ದಿದ್ದಳು. ಈಗ ಗಟ್ಟಿ ಗೋಡೆ ಬಂದಿತ್ತು. ತಾನು ಹಾಕಿದ್ದು ಗೋಡೆಯ ಮೇಲೆ ಕಾಣಬೇಕು. ಅವ್ವ ನನ್ನನ್ನು ತನಗಾಗಿ ಏನಾದರೂ ಕೇಳಿದ್ದರೆ ಅದೊಂದೇ.

ಶ್ರಾವಣದಲ್ಲಿ ಕಾಕಾ ಗೋಡೆ ನೋಡಲು ಬಂದರು. ನನ್ನ ಹೆಂಡತಿ ಕುರ್ಚಿ ಹಾಕಿದಳು. ಅವರು ಕುರ್ಚಿ ಬಿಟ್ಟು, ಬಾಗಿಲ ಪಕ್ಕದಲ್ಲಿ ಚಾಪೆಯ ಮೇಲೆ ತೊಗರಿ ಆರಿಸುತ್ತಿದ್ದ ಅವ್ವನ ಬಳಿ ನೆಲಕ್ಕೇ ಕೂತರು.

“ಅಕ್ಕಾ, ದಿನಾ ಇಲ್ಲೇ ಕುಂಡ್ರತೀರಿ?”

“ಮತ್ತೆಲ್ಲಿ ಹೋಗ್ಲೆಪಾ. ಕುರ್ಚಿ ಮ್ಯಾಲ ಕುಂತ್ರ ಕಾಲು ಜೋತಾಡ್ತಾವ.”

“ಕುತ್ತಿಗಿ ಹ್ಯಾಂಗದ?”

“ಅದು ಮ್ಯಾಲ ಏಳೂದಿಲ್ಲ. ನನ್ನ ಮಾರಿ ನೋಡಬೇಕಂದ್ರ ಮಂದೀನೇ ಬಗ್ಗಬೇಕು. ಸೊಸಿನೂ ಬಗ್ಗತಾಳ. ಇದೊಂದು ಫಾಯದಾ ಆತು ನೋಡು.”

ಕಾಕಾ ಜೋರಾಗಿ ನಕ್ಕರು. ಆಮೇಲೆ ಮಡಚಿದ ಬಟ್ಟೆಯನ್ನು ಎರಡೂ ಕೈಯಿಂದ ಇಸಿದುಕೊಂಡರು. “ಎಷ್ಟು ಹಣ್ಣು ಹಾಕೀರಿ ಇದರಾಗ?”

“ಏಳೋ, ಒಂಬತ್ತೋ… ಮರ್ತದಪಾ. ಇಲ್ಲಿ ಬಿಚ್ಚಬ್ಯಾಡ, ದಾರ ಹಳೇದಾಗ್ಯಾವ.”

“ಬಿಚ್ಚೂದು ನನ್ನ ಕೆಲಸ. ಎಣಿಸೂದು ನಿಮ್ಮ ಕೆಲಸ.”

ಅವ್ವನ ಎದುರಿನ ಗೋಡೆಯ ಕಡೆಗೆ ಕಾಕಾ ಕೂತಲ್ಲಿಂದಲೇ ಸರಿದರು. ಪೆನ್ಸಿಲು ತೆಗೆದು ಒತ್ತಿದರು. ಗೆರೆ ಮೂಡಲಿಲ್ಲ. ಹೊಸ ಪ್ಲಾಸ್ಟರು, ಮಳೆಗಾಲ, ಗೋಡೆ ಹಸಿಯಾಗಿತ್ತು. ಪೆನ್ಸಿಲಿನ ತುದಿಗೆ ಬಿಳಿ ಮೆತ್ತಿಕೊಂಡಿತು. ಅವರು ಅದನ್ನು ಧೋತರಕ್ಕೆ ಒರೆಸಿಕೊಂಡರು.

“ಓಲ ಅದ” ಎಂದರು. ಎಂದರೆ ತೇವ ಇದೆ. ಮೊಣಕಾಲು ಹಿಡಿದು ಎದ್ದು ನಿಂತು ಹೇಳಿದರು, “ಇಲ್ಲಿ ಖಾಲಿ ಇಡ್ರಿ.”

“ಖಾಲಿ?”

“ಹಾಂ. ನಾಳಿಗಿ ಓಲ ಹೋದ್ರೂ ಖಾಲೀನೇ ಇಡ್ರಿ. ಮಂದಿ ನಗ್ತಾರ, ನಗ್ಲಿ. ಇಲ್ಲಿ ಕುಂಡ್ರೂದು ನಿಮ್ಮವ್ವ, ಪಾವಣ್ಯಾರಲ್ಲ.” ಬಂದುಹೋಗುವ ನೆಂಟರಲ್ಲ ಎಂದು.

ನನ್ನ ತಲೆ ತನಗೆ ತಿಳಿದಂತೆ ಜೋಡಿಸಿಕೊಂಡಿತು. ಚಿತ್ರ ಹಚ್ಚಿದರೆ ಅವ್ವ ಕುತ್ತಿಗೆ ಎತ್ತಬೇಕಾಗುತ್ತದೆ, ನೋವಾಗುತ್ತದೆ. ಅದಕ್ಕೇ ಈ ಗೋಡೆ ಬರಿದಾಗಿರಲಿ ಎನ್ನುತ್ತಿದ್ದಾರೆ. ಚಿತ್ರಕ್ಕೆ ಬೇರೆ ಜಾಗ ಆಮೇಲೆ ಹೇಳುತ್ತಾರೆ. ಎಲ್ಲ ಗೋಡೆಗೂ ಏನಾದರೂ ಜೋತು ಹಾಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಹಾಗಾಗಿ ಅನುಮಾನವೇ ಬರಲಿಲ್ಲ. ಅವ್ವನೂ ನನ್ನ ಹಾಗೇ ಕೇಳಿಸಿಕೊಂಡಳು.

ದಸರೆಗೆ ಮೊದಲು ಫ್ರೇಮ್ ಬಂತು. ಕಾಕಾನ ಕಣ್ಣು ಮಂಜಾಗಿತ್ತು, ಆದ್ದರಿಂದ ಬಟ್ಟೆ ಅಂಗಡಿಯವರ ಕೈಯಲ್ಲಿ ಕಳಿಸಿದ್ದರು. ಹಳೆಯ ಪೇಪರಿನಲ್ಲಿ ಸುತ್ತಿ ಸುತಳಿ ಬಿಗಿದಿತ್ತು. ಹೆಂಡತಿ ಕತ್ತರಿ ತಂದಳು. ಅವ್ವ ಬೇಡ ಎಂದಳು.

“ಹಚ್ಚೂ ದಿನಾನೇ ಬಿಚ್ಚೋಣ. ಗ್ವಾಡಿ ಮ್ಯಾಲೇ ನೋಡ್ತೀನಿ.”

ನಾನು ಅದನ್ನು ಅಟ್ಟದ ಮೇಲೆ ಇಟ್ಟೆ.

ಗೋಡೆ ಆರಿತು. ಹೆಂಡತಿ ಒಂದೆರಡು ಸಲ ಹೇಳಿದಳು. “ಮಂದಿ ಮನಿಗೆಲ್ಲಾ ತೂತು ಹಾಕ್ಕೋತ ತಿರಗತೀರಿ. ಅತ್ತಿ ಮನಸ್ಸಿನ್ಯಾಗ ಅದ, ಒಂದು ಮೊಳಿ ಹೊಡೀರಿ.” ಕಾಕಾ ಖಾಲಿ ಇಡು ಅಂದಾರ, ಎಂದೆ. ಅವ್ವ ನಡುವೆ ಬಾಯಿ ಹಾಕಿದಳು, “ಇರ್ಲಿ ಬಿಡ. ಆಂವಗ ತಿಳೀತದ.” ನಿಜ ಹೇಳಬೇಕೆಂದರೆ ಆ ಮಾತು ನನಗೆ ಅನುಕೂಲವೂ ಆಗಿತ್ತು. ದಿನವಿಡೀ ಬೇರೆಯವರ ಗೋಡೆಯ ಧೂಳು ನುಂಗಿ ಸಂಜೆ ಮನೆಗೆ ಬಂದ ಮೇಲೆ ಮತ್ತೆ ಆ ಮಶೀನು ಮುಟ್ಟಲು ಮನಸ್ಸಾಗುತ್ತಿರಲಿಲ್ಲ. ಕಾಕಾನ ಹತ್ತಿರ ಹೋಗಿ ಮತ್ತೊಮ್ಮೆ ಕೇಳಬಹುದಿತ್ತು. ನಾಳೆ ನೋಡೋಣ, ನಾಡಿದ್ದು ನೋಡೋಣ… ಅವ್ವ ಅಲ್ಲೇ ಚಾಪೆಯ ಮೇಲೆ, ಬರೀ ಗೋಡೆಗೆ ಮುಖ ಮಾಡಿ, ತೊಗರಿ ಆರಿಸುತ್ತ ಕೂಡುತ್ತಿದ್ದಳು.

ಕಾಕಾನನ್ನು ಕೊನೆಯ ಸಲ ನೋಡಿದ್ದು ಸಂಕ್ರಾಂತಿ ಆದ ಮೇಲೆ. ಸೋಲಾಪುರದ ಬಸ್ಸಿನ ಕಿಟಕಿಯಲ್ಲಿ ಕೂತಿದ್ದರು. ಕಣ್ಣು ತೋರಿಸಲು ಮಗಳ ಮನೆಗೆ ಹೊರಟಿದ್ದರು. ನನ್ನ ದನಿ ಗುರುತು ಹಿಡಿದು ಕಿಟಕಿಯಿಂದ ಕೈ ಹೊರಗೆ ಹಾಕಿದರು.

“ತಮ್ಮಾ! ಅಕ್ಕಾ ನೋಡ್ತಾರೇನೋ?”

“ದಿನಾ ಆ ಗ್ವಾಡಿಗೇ ಮಾರಿ ಮಾಡಿ ಕುಂಡ್ರತಾಳ ಕಾಕಾ.”

“ಖಾಲೀನೇ ಇಟ್ಟೀರಿಲ್ಲ?”

“ಖಾಲೀನೇ ಅದ್ರಿ. ನೀವು ಹೇಳಿದಂಗ.”

“ಮಂದಿ ನಕ್ರೇನು?”

“ಎಲ್ಲರಕಿಂತ ಮೊದಲ ನನ್ನ ಹೆಂಡತಿನೇ ನಗ್ತಾಳ್ರಿ.”

“ನಗ್ಲಿ, ನಗ್ಲಿ!” ಎಂದು ಅವರೂ ನಕ್ಕರು. ಅಷ್ಟು ಸಮಾಧಾನದ ಮುಖ ಅವರದು ನಾನು ನೋಡಿರಲಿಲ್ಲ. ಹಾಗಾದರೆ ಆ ಫ್ರೇಮ್ ಎಲ್ಲಿ ಹಚ್ಚಲಿ ಎಂದು ಕೇಳಬೇಕು ಅನ್ನುವಷ್ಟರಲ್ಲಿ ಕಂಡಕ್ಟರ್ ಬೆಲ್ ಹೊಡೆದ. ಬಸ್ಸು ತಿರುಗುವಾಗ ಅವರು ಮತ್ತೇನೋ ಕೂಗಿ ಕೇಳಿದರು. ‘ಎಷ್ಟು’ ಎಂಬುದಷ್ಟೇ ಕಿವಿಗೆ ಬಿತ್ತು. ನಾನು ಸುಮ್ಮನೆ ಕೈ ಎತ್ತಿದೆ.

ಅವರು ಸೋಲಾಪುರದಿಂದ ತಿರುಗಿ ಬರಲಿಲ್ಲ. ಹೋದ ಸುದ್ದಿ ಬಟ್ಟೆ ಅಂಗಡಿಯವರು ಹೇಳಿದಾಗ ದಿನಕರ್ಮಗಳೆಲ್ಲ ಮುಗಿದಿದ್ದವು. ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಆಮೇಲೆ ಆ ಖಾಲಿ ಗೋಡೆ ನನಗೆ ಸತ್ತವರು ಹೇಳಿ ಹೋದ ಮಾತಿನಂತೆ ಆಯಿತು. ಮುಟ್ಟಲೇ ಇಲ್ಲ. ಎರಡು ವರ್ಷಕ್ಕೆ ಅವ್ವನೂ ಹೋದಳು. ಆ ಎರಡು ವರ್ಷದಲ್ಲಿ ಅವಳು ಚಿತ್ರದ ಮಾತು ಎತ್ತಿದ್ದು ಒಂದೇ ಸಲ, ಅದೂ ಸೊಸೆಯ ಹತ್ತಿರ. “ಏಳು ಇರಬೇಕು… ಒಂಬತ್ತು ಹಾಕೂವಷ್ಟು ಕೆಂಪು ದಾರ ಎಲ್ಲಿತ್ತು ನಮ್ಮ ಮನ್ಯಾಗ?”

ಅವಳ ಫೋಟೋವನ್ನು ಆ ಗೋಡೆಗೇ ಹಚ್ಚಿದೆ. ಮೇಲೆ, ಸ್ಲ್ಯಾಬಿನ ಹತ್ತಿರ, ಗಂಧದ ಹಾರ ಹಾಕಿ. ಅದಕ್ಕೆ ಯಾರನ್ನೂ ಕೇಳುವ ಕೆಲಸ ಇರಲಿಲ್ಲ.

ಇನ್ನು ಉದಗೀರದ ಆ ಮನೆ. ಲಾತೂರಿನಿಂದ ಬಂದಿದ್ದ ಇಂಟೀರಿಯರ್‌ನ ಹುಡುಗಿ ಕೈಯಲ್ಲಿ ಕೆಂಪು ಬೆಳಕಿನ ಡಬ್ಬಿ ಹಿಡಿದು ಗೋಡೆಯ ಮೇಲೆ ಗೆರೆ ಬೀಳಿಸುತ್ತಿದ್ದಳು. ನಾನು ಏಣಿಯ ಮೇಲೆ ನಿಂತು ವಾರ್ನಿಶ್ ವಾಸನೆಯ ಆ ಫ್ರೇಮನ್ನು ಎತ್ತಿ ಹಿಡಿದಿದ್ದೆ. ಭುಜ ನೋಯುತ್ತಿತ್ತು. ಈಗೀಗ ಎಲ್ಲ ನೋಯುತ್ತದೆ.

“ಕಾಕಾ, ಥೋಡಂ ಖಾಲಿ ಘ್ಯಾ” ಎಂದು ನನಗೆ ಹೇಳಿದಳು.

ಸ್ವಲ್ಪ ಕೆಳಗೆ ತಗೊಳ್ಳಿ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ದಿನಕ್ಕೆ ಹತ್ತು ಸಲ ಕೇಳುವ ಮಾತು, ಹತ್ತು ಸಲ ನಾನೇ ಆಡುವ ಮಾತು. ಆದರೆ ಅವತ್ತು ಆ ವಾಸನೆ ಮೂಗಿನಲ್ಲಿತ್ತು, ಕೈಯಲ್ಲಿ ಫ್ರೇಮ್ ಇತ್ತು, ಎದುರಿಗೆ ಬರಿಯ ಗೋಡೆ ಇತ್ತು. ಅದೇ ಶಬ್ದ ಕಾಕಾನ ಬಾಯಿಂದ ಮತ್ತೊಮ್ಮೆ ಕೇಳಿದ ಹಾಗಾಯಿತು. ಇಲ್ಲಿ ಖಾಲಿ ಇಡ್ರಿ… ಮಂದಿ ನಗ್ತಾರ, ನಗ್ಲಿ… ನಿಮ್ಮವ್ವ, ಪಾವಣ್ಯಾರಲ್ಲ…

“ಕಾಕಾ, ಕಾಯ್ ಝಾಲಂ? ಚಕ್ಕರ ಆಲಿ ಕಾ?” ಎಂದು ಹುಡುಗಿ ಕೇಳಿದಳು. ಏನಾಯಿತು, ತಲೆ ತಿರುಗಿತೇ ಎಂದು. ಇಲ್ಲ ಎಂದೆ. ಉಳಿದ ತೂತುಗಳನ್ನು ಕೊರೆದು ಮುಗಿಸಿದೆ. ಕೆಲಸ ಕೆಲಸವೇ.

ಮನೆಗೆ ಬಂದು ಅಟ್ಟ ಹತ್ತಿದೆ. ಸುತಳಿ ಕೈಗೆ ಬಂದಂತೆಯೇ ಪುಡಿಯಾಯಿತು. ಫ್ರೇಮನ್ನು ಮೊದಲು ಬೋರಲು ಮಾಡಿದೆ. ಖಾಕಿ ಕಾಗದದ ಮೇಲೆ ಕೆಂಪು ಅಕ್ಷರ ಅಳಿಸಿರಲಿಲ್ಲ. ‘ಬಸೂನ್. ಅಡೀಚ ಫೂಟ.’ ಕೂತು ನೋಡುವವರಿಗೆ, ಎರಡೂವರೆ ಫೂಟು.

ಕಾಕಾ ಅವತ್ತು ನಿಲ್ಲದೆ, ಕೂತೇ ಯಾಕೆ ಗೋಡೆ ಮುಟ್ಟಿದರು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮರುದಿನ ಮುಂಜಾನೆ ಆ ಗೋಡೆಗೆ ಹತ್ತಿಕೊಂಡಿದ್ದ ಸೋಫಾ ಸರಿಸಿದೆ. ನೆಲದಿಂದ ಅಳೆದು, ತೂತು ಕೊರೆದು ಹಚ್ಚಿದೆ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. “ಇಷ್ಟು ಕೆಳಗ ಹಚ್ಚಿದ್ರ ಯಾರಿಗೆ ಕಾಣ್ತದ್ರಿ? ಮಂದಿ ನಗ್ತಾರ” ಎಂದಳು.

ನಾನು ಬಾಗಿಲ ಪಕ್ಕದಲ್ಲಿ, ಅವ್ವನ ಜಾಗದಲ್ಲಿ ನೆಲಕ್ಕೆ ಕೂತೆ. ಕುತ್ತಿಗೆ ಎತ್ತುವ ಕೆಲಸವೇ ಬೀಳಲಿಲ್ಲ. ಗಿಡ ನೇರ ಕಣ್ಣೆದುರಿಗೆ ಇತ್ತು. ಎಲೆಗಳ ಹಸಿರು ಮಾಸಿದೆ. ಕೆಂಪು ಮಾಸಿಲ್ಲ.

ಕಾಕಾನ ಮಾತನ್ನು ನಾನು ಹೇಗೆ ಕೇಳಿಸಿಕೊಂಡೆ ಎಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. ಬಂದು ನನ್ನ ಪಕ್ಕದಲ್ಲಿ ಕೂತಳು. ಬೆರಳು ಮುಂದೆ ಮಾಡಿ ತುಟಿಯಲ್ಲೇ ಎಣಿಸಿದಳು. ಒಂದು ಹಣ್ಣು ಎಲೆಯ ಹಿಂದೆ ಅರ್ಧ ಅಡಗಿದೆ, ಅದನ್ನು ಎರಡು ಸಲ ನೋಡಿದಳು.

“ಎಂಟು ಅವ್ರಿ” ಎಂದಳು.

ನಾನೂ ಎಣಿಸಿದೆ. ಎಂಟೇ.

ತಲೆ ಎತ್ತಿ ಗಿಡದ ಮೇಲಿನ ಫೋಟೋ ನೋಡಿದೆ. ಗಂಧದ ಹಾರದ ಒಳಗಿನಿಂದ ಅವ್ವ ನಮ್ಮ ಬೆನ್ನ ಹಿಂದಿನ ಗೋಡೆ ನೋಡುತ್ತಿದ್ದಳು. ಅದರ ಮೇಲೆ ಏನೂ ಇಲ್ಲ…